ಮಕ್ಕಳ ಜೊತೆ ಕಾಸರಗೋಡಿನ ಕಡಲ ತೀರಕ್ಕೆ: ನಾಲ್ಕೈದು ದಿನದ ನಿಧಾನ ರಜೆಗೆ ತಯಾರಿ ಹೇಗೆ

ನನ್ನ ತಂಗಿ ಮೈಸೂರಿನಲ್ಲಿದ್ದಾಳೆ. ಪ್ರತಿ ಡಿಸೆಂಬರ್‌ನಲ್ಲಿ ಇಬ್ಬರು ಮಕ್ಕಳನ್ನು ಕರೆದುಕೊಂಡು ಕುಂಬಳೆಗೆ, ನಮ್ಮ ಮನೆಗೆ ಬರುತ್ತಾಳೆ. ಮೊದಲ ಸಲ ಬಂದಾಗ ಅವಳ ಕೈಯಲ್ಲಿ ಒಂದು ಪಟ್ಟಿ ಇತ್ತು. ಮೂರು ದಿನ, ಹನ್ನೊಂದು ಜಾಗ. ಎರಡನೇ ದಿನ ಮಧ್ಯಾಹ್ನ ಬಿಸಿಲಲ್ಲಿ ಕೋಟೆ ಸುತ್ತಿ ವಾಪಸ್ ಬರುವಾಗ ಚಿಕ್ಕವನು ಕಾರಿನಲ್ಲೇ ವಾಂತಿ ಮಾಡಿಕೊಂಡ. ದೊಡ್ಡವಳು ನನ್ನ ಹತ್ತಿರ ಬಂದು, "ದೊಡ್ಡಮ್ಮ, ಇಲ್ಲೇ ಹತ್ರ ಇರೋ ಸಮುದ್ರಕ್ಕೆ ಯಾವಾಗ ಹೋಗೋದು?" ಅಂತ ಕೇಳಿದಳು. ಎರಡು ದಿನದಿಂದ ಕಡಲನ್ನು ಕಾರಿನ ಕಿಟಕಿಯಲ್ಲಿ ಮಾತ್ರ ನೋಡಿತ್ತು ಆ ಮಗು. ನನಗೆ ಬಹಳ ಬೇಜಾರಾಯಿತು.

ಅದರ ಮರುವರ್ಷದಿಂದ ನಾವು ಒಂದು ನಿಯಮ ಮಾಡಿಕೊಂಡೆವು. ಬೆಳಿಗ್ಗೆ ಸಂಜೆ ಮನೆಯ ಹತ್ತಿರದ ಕಡಲು. ಅದನ್ನು ಬಿಟ್ಟರೆ ದಿನಕ್ಕೆ ಒಂದೇ ತಿರುಗಾಟ. ಈ ನಿಯಮಕ್ಕೆ ಹೊಂದುವ ಹಾಗೆ ಉಳಿದದ್ದನ್ನೆಲ್ಲ ಹೇಗೆ ಏರ್ಪಾಡು ಮಾಡಬೇಕು ಅನ್ನುವುದನ್ನು ಇಲ್ಲಿ ಒಂದೊಂದಾಗಿ ಬರೆಯುತ್ತೇನೆ.

1. ಮೊದಲು ತಿಂಗಳು ಗಟ್ಟಿ ಮಾಡಿ

ನವೆಂಬರ್ ಕೊನೆಯಿಂದ ಫೆಬ್ರವರಿ ತನಕ ಮಕ್ಕಳಿಗೆ ಒಳ್ಳೆಯ ಕಾಲ. ಕಡಲು ಆಗ ಉಳಿದ ತಿಂಗಳುಗಳಿಗಿಂತ ಶಾಂತ. ಬೆಳಿಗ್ಗೆ ಸ್ವಲ್ಪ ತಂಪೂ ಇರುತ್ತದೆ.

ದಸರಾ ರಜೆಯಲ್ಲಿ ಬರಬಹುದಾ ಅಂತ ತುಂಬ ಜನ ಕೇಳುತ್ತಾರೆ. ಬರಬಹುದು. ಊರೆಲ್ಲ ಹಸಿರಾಗಿರುತ್ತದೆ. ಆದರೆ ಅಕ್ಟೋಬರ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದು ಸಾಮಾನ್ಯ. ಗುಡುಗು ಕೇಳಿಸಿತು ಅಂದರೆ ಕಡಲ ತೀರದಲ್ಲಿ ನಿಲ್ಲಬಾರದು, ತೆಂಗಿನ ಮರದಡಿಯಲ್ಲಂತೂ ನಿಲ್ಲಲೇಬಾರದು. ಸಂಜೆಯ ಆಟ ಕೆಲವು ದಿನ ತಪ್ಪಬಹುದು ಎಂದು ಮಕ್ಕಳಿಗೆ ಮೊದಲೇ ಹೇಳಿಡಿ.

ಏಪ್ರಿಲ್-ಮೇ ಬೇಸಿಗೆ ರಜೆಯಲ್ಲಿ ಸೆಖೆ ಜಾಸ್ತಿ. ಕಡಲ ಹತ್ತಿರದ ಕೆಲವು ಬಾವಿಗಳ ನೀರು ಉಪ್ಪಾಗುವುದೂ ಆಗಲೇ. ಇನ್ನೊಂದು ವಿಷಯ ಹೊರಗಿನಿಂದ ಬರುವವರಿಗೆ ಗೊತ್ತಿರುವುದಿಲ್ಲ. ಇಲ್ಲಿ ಗಾಳಿಯಿಲ್ಲ, ಮಳೆಯಿಲ್ಲ, ಆದರೂ ಇದ್ದಕ್ಕಿದ್ದ ಹಾಗೆ ದೊಡ್ಡ ತೆರೆಗಳು ಎದ್ದು ದಡದ ಮೇಲಕ್ಕೆ ನುಗ್ಗುತ್ತವೆ. ಎಲ್ಲೋ ದೂರ, ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಎದ್ದ ಬಿರುಗಾಳಿಯ ತೆರೆಗಳು ಅವು. ಮಲಯಾಳದಲ್ಲಿ ಇದಕ್ಕೆ ಕಳ್ಳಕ್ಕಡಲ್ ಎನ್ನುತ್ತಾರೆ. ಕಳ್ಳನ ಹಾಗೆ ಬರುವ ಕಡಲು. ಹೈದರಾಬಾದಿನಲ್ಲಿರುವ ಇನ್‌ಕಾಯ್ಸ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆ ಇದರ ಮುನ್ನೆಚ್ಚರಿಕೆ ಕೊಡುತ್ತದೆ, ಸ್ಥಳೀಯ ಸುದ್ದಿಯಲ್ಲೂ ಬರುತ್ತದೆ. ಎಚ್ಚರಿಕೆ ಇದ್ದ ದಿನ ಮಕ್ಕಳನ್ನು ಹೊಯಿಗೆಗೂ (ಮರಳಿಗೂ) ಇಳಿಸಬೇಡಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ನೋಡಲು ಬನ್ನಿ, ಕಡಲಿಗೆ ಇಳಿಯಲು ಬೇಡ. ಕೇರಳದಲ್ಲಿ ಪ್ರತಿ ಮಳೆಗಾಲ 52 ದಿನ ದೊಡ್ಡ ಬಲೆ ಎಳೆದು ಮೀನು ಹಿಡಿಯುವ ಟ್ರಾಲ್ ಬೋಟುಗಳಿಗೂ ನಿಷೇಧ ಇರುತ್ತದೆ.

2. ಒಂದೇ ಊರು ಆರಿಸಿಕೊಳ್ಳಿ

ಕಾಸರಗೋಡು ಜಿಲ್ಲೆ ಉದ್ದಕ್ಕೆ ಕಡಲಿಗೆ ಅಂಟಿಕೊಂಡೇ ಇದೆ. ಎರಡು ರಾತ್ರಿ ಇಲ್ಲಿ, ಎರಡು ರಾತ್ರಿ ಅಲ್ಲಿ ಅಂತ ಮಾಡಬೇಡಿ. ಚೀಲ ಬಿಚ್ಚುವುದು, ಕಟ್ಟುವುದರಲ್ಲೇ ಅರ್ಧ ದಿನ ಹೋಗುತ್ತದೆ. ಚಿಕ್ಕ ಮಕ್ಕಳಿಗೆ ಹೊಸ ಮನೆಯಲ್ಲಿ ಮೊದಲ ರಾತ್ರಿ ನಿದ್ದೆಯೂ ಸರಿಯಾಗಿ ಬರುವುದಿಲ್ಲ.

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಕನ್ನಡ, ತುಳು ಎಲ್ಲ ನಡೆಯುತ್ತದೆ. ಮಕ್ಕಳು ಅಂಗಡಿಯಲ್ಲಿ ತಾವೇ ಮಾತಾಡಿ ಮಿಠಾಯಿ ತರಬಹುದು. ಮಂಗಳೂರಿನಿಂದ ಕುಂಬಳೆಗೆ ಒಂದು ಗಂಟೆಯ ದಾರಿ. ಮೊದಲ ಸಲ ಬರುವ ಮನೆಯವರಿಗೆ ನಾನು ಈ ಭಾಗವನ್ನೇ ಹೇಳುವುದು.

ಬೇಕಲ, ಉದುಮ, ಪಳ್ಳಿಕ್ಕರೆ ಕಡೆ ತಂಗಲು ಜಾಸ್ತಿ ಆಯ್ಕೆಗಳಿವೆ, ದೊಡ್ಡ ರೆಸಾರ್ಟುಗಳೂ ಇವೆ. ತೀರ ಅಗಲವಾಗಿದೆ. ಡಿಸೆಂಬರ್ ಕೊನೆಯ ವಾರ ಮತ್ತು ಓಣಂ ರಜೆಯಲ್ಲಿ ಮಾತ್ರ ಜನ ತುಂಬುತ್ತಾರೆ.

ಇನ್ನೂ ತೆಂಕಕ್ಕೆ ನೀಲೇಶ್ವರ, ವಲಿಯಪರಂಬ. ಅಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಹಿನ್ನೀರು. ನಡುವೆ ತೆಂಗಿನ ತೋಟಗಳ ಸಪೂರ ನೆಲ, ಉದ್ದ ಸುಮಾರು 24 ಕಿ.ಮೀ. ನಿಜವಾದ ಹಳ್ಳಿಯ ಮೌನ ಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಜಿಲ್ಲೆಯಲ್ಲಿಲ್ಲ. ಆದರೆ ಮಕ್ಕಳು ತೀರ ಚಿಕ್ಕವರಾದರೆ ಎರಡು ಬದಿಯ ನೀರನ್ನೂ ಕಾಯಬೇಕಾಗುತ್ತದೆ. ಏಳೆಂಟು ವರ್ಷ ದಾಟಿದ ಮೇಲೆ ಹೋಗುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ.

3. ಮನೆ ಹಿಡಿಯುವ ಮೊದಲು ಫೋನಿನಲ್ಲಿ ಕೇಳಿ

ಇದರಲ್ಲಿ ಎಡವಿದರೆ ರಜೆಯೇ ಹಾಳು. ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ನಮ್ಮ ಸ್ನೇಹಿತರೊಬ್ಬರ ಜೊತೆ ಒಮ್ಮೆ ತೆಂಕು ಭಾಗದ ಒಂದು ಹೋಂಸ್ಟೇಗೆ ಹೋಗಿದ್ದೆವು. "ಕಡಲು ಎದುರಿಗೇ, 200 ಮೀಟರ್" ಅಂದಿದ್ದರು. ಸುಳ್ಳಲ್ಲ, ಅಷ್ಟೇ ದೂರ. ಆದರೆ ನಡುವೆ ರೈಲು ಹಳಿ! ಗೇಟೂ ಇಲ್ಲ, ಮೇಲ್ಸೇತುವೆಯೂ ಇಲ್ಲ. ಆರು ವರ್ಷದ ಮಗುವನ್ನು ಎತ್ತಿಕೊಂಡು ಹಳಿ ದಾಟುವುದಾ? ನಾವು ದಿನಾ ಎರಡು ಕಿಲೋಮೀಟರ್ ಸುತ್ತಿ ಕಾರಿನಲ್ಲಿ ಹೋದೆವು. ನಮ್ಮ ಜಿಲ್ಲೆಯಲ್ಲಿ ರೈಲು ದಾರಿ ತುಂಬ ಕಡೆ ಕಡಲ ಬದಿಯಲ್ಲೇ ಸಾಗುತ್ತದೆ. ಅದರ ಮೂಡಕ್ಕೆ ಆರು ಪಥದ ಹೆದ್ದಾರಿ. ಅದಕ್ಕೇ ಮೊದಲ ಪ್ರಶ್ನೆ ಇದು: ಮನೆ ಹಳಿಯ ಪಡು ಬದಿಯಲ್ಲಿದೆಯೋ, ಮೂಡು ಬದಿಯಲ್ಲಿದೆಯೋ? ಪಡು ಬದಿಯಾದರೆ ಮಕ್ಕಳು ನಡೆದೇ ಕಡಲಿಗೆ ಹೋಗಬಹುದು.

ಎರಡನೇ ಪ್ರಶ್ನೆ: ಎದುರಿಗಿರುವುದು ಹೊಯಿಗೆಯೋ, ಕಲ್ಲೋ? ಕಡಲ್ಕೊರೆತ ತಡೆಯಲು ಹಲವು ಕಡೆ ಕಪ್ಪು ಬಂಡೆಗಳ ಗೋಡೆ ಹಾಕಿದ್ದಾರೆ. ಫೋಟೋದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಪಾಚಿ ಹಿಡಿದು ಜಾರುತ್ತದೆ, ಕಲ್ಲಿನ ಸಂದಿನಲ್ಲಿ ಮಕ್ಕಳ ಕಾಲು ಸಿಕ್ಕಿಕೊಳ್ಳುತ್ತದೆ. ಈ ತಿಂಗಳು ತೆಗೆದ ಫೋಟೋ ಕಳಿಸಿ ಅಂತ ಕೇಳಿ. ಮಳೆಗಾಲ ಕಳೆದಾಗ ಹೊಯಿಗೆಯ ರೂಪವೇ ಬದಲಾಗಿರುತ್ತದೆ, ಹಳೆಯ ಫೋಟೋ ನಂಬುವಂತಿಲ್ಲ.

ಬಾವಿಗೆ ಕಟ್ಟೆ ಇದೆಯಾ, ಬಲೆ ಹಾಕಿದ್ದಾರಾ ಕೇಳಿ. ಇಲ್ಲಿ ಮನೆಗೊಂದು ಬಾವಿ. ತೋಟದಲ್ಲಿ ಕೆರೆ ಇರುವ ಮನೆಗಳೂ ಇವೆ. ಪೇಟೆಯ ಮಕ್ಕಳಿಗೆ ಬಾವಿ ಅಂದರೆ ಬಗ್ಗಿ ನೋಡುವ ಆಸೆ. ಆಮೇಲೆ, ಅಡುಗೆಮನೆ ಬಳಸಲು ಬಿಡುತ್ತಾರಾ, ಹಾಲು ಕಾಯಿಸಲು ಆಗುತ್ತದಾ, ಹೊರಗೆ ಕಾಲು ತೊಳೆಯಲು ನಲ್ಲಿ ಇದೆಯಾ, ಕಿಟಕಿಗೆ ಸೊಳ್ಳೆ ಪರದೆ ಇದೆಯಾ. ಜಗಲಿ ಇರುವ ಮನೆ ಸಿಕ್ಕಿದರೆ ಹಣ ಸ್ವಲ್ಪ ಜಾಸ್ತಿಯಾದರೂ ಅದನ್ನೇ ಹಿಡಿಯಿರಿ. ಮಧ್ಯಾಹ್ನದ ಮೂರು ಗಂಟೆ ಮಕ್ಕಳು ಕಳೆಯುವುದು ಅಲ್ಲೇ.

4. ಬರುವ ದಾರಿ

ಮಂಗಳೂರಿನಿಂದ ಕಾಸರಗೋಡಿಗೆ ರೈಲಿನಲ್ಲಿ ಸುಮಾರು 46 ಕಿ.ಮೀ. ಎಕ್ಸ್‌ಪ್ರೆಸ್‌ನಲ್ಲಿ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಸಣ್ಣ ಸ್ಟೇಷನ್‌ಗಳಿಗೆ ಪ್ಯಾಸೆಂಜರ್ ಹಿಡಿಯಬೇಕು. ಬಲಬದಿಯ ಕಿಟಕಿಯಲ್ಲಿ ಕುಳಿತರೆ ಹೊಳೆಗಳೂ ಕಡಲೂ ಕಾಣುತ್ತವೆ. ನಮ್ಮ ಜಿಲ್ಲೆಯಲ್ಲಿ 12 ಹೊಳೆಗಳಿವೆ. ಒಂದೊಂದು ಸೇತುವೆ ಬಂದಾಗಲೂ ಮಕ್ಕಳಿಗೆ ಎಣಿಸಲು ಹೇಳಿ, ದಾರಿ ಸಾಗಿದ್ದೇ ಗೊತ್ತಾಗುವುದಿಲ್ಲ. ಬೆಂಗಳೂರಿನಿಂದ ಮಂಗಳೂರಿನ ಮೂಲಕ ಕಣ್ಣೂರಿಗೆ ಹೋಗುವ ರಾತ್ರಿ ರೈಲು ಕಾಸರಗೋಡಿನ ಮೇಲೆಯೇ ಹೋಗುತ್ತದೆ. ಮಂಗಳೂರಿನಿಂದ ತಲಪಾಡಿ ದಾಟಿ ಬರುವ ಬಸ್ಸುಗಳು ದಿನವಿಡೀ ಇವೆ.

ಮೈಸೂರು ಕಡೆಯಿಂದ ಕಾರಿನಲ್ಲಿ ಬರುವವರಿಗೆ ಮಡಿಕೇರಿ, ಸಂಪಾಜೆ, ಸುಳ್ಯ, ಜಾಲ್ಸೂರು, ಮುಳ್ಳೇರಿಯ, ಚೆರ್ಕಳ ದಾರಿ. ಘಾಟಿಯ ತಿರುವಿನಲ್ಲಿ ಮಕ್ಕಳಿಗೆ ಹೊಟ್ಟೆ ತೊಳೆಸುತ್ತದೆ. ಮಡಿಕೇರಿಯಲ್ಲಿ ಹೊಟ್ಟೆ ತುಂಬ ತಿನ್ನಿಸಬೇಡಿ. ಘಾಟಿ ಇಳಿದು ಸುಳ್ಯದಲ್ಲಿ ಊಟ ಮಾಡಿಸಿ. ಬಂದ ದಿನ ಬೇರೆ ಯಾವ ಕಾರ್ಯಕ್ರಮವೂ ಬೇಡ.

5. ಕಡಲಿನ ಹೊತ್ತಿಗೆ ನಿಮ್ಮ ಹೊತ್ತು ಹೊಂದಿಸಿ

ನಮ್ಮ ತೀರ ಪಡುವಣಕ್ಕೆ ಮುಖ ಮಾಡಿದೆ. ಸೂರ್ಯ ಹುಟ್ಟುವುದು ತೆಂಗಿನ ತೋಟಗಳ ಹಿಂದೆ. ಅದರಿಂದ ಒಂದು ದೊಡ್ಡ ಉಪಕಾರ ಇದೆ. ಬೆಳಿಗ್ಗೆ ಎಂಟೂವರೆ ತನಕ ಹೊಯಿಗೆಯ ಮೇಲೆ ಮರಗಳ ನೆರಳು ಬಿದ್ದಿರುತ್ತದೆ. ಆಗ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ತೆರೆ ಸಣ್ಣದಿರುತ್ತದೆ. ಹೊತ್ತು ಏರಿದ ಮೇಲೆ ಗಾಳಿ ತಿರುಗಿ ಕಡಲಿಂದ ನೆಲಕ್ಕೆ ಬರುತ್ತದೆ, ನೀರು ಕೆದರುತ್ತದೆ.

ಅಂದರೆ ಬೆಳಿಗ್ಗೆ ಏಳರಿಂದ ಒಂಬತ್ತು ಆಟದ ಹೊತ್ತು. ಒಂಬತ್ತರಿಂದ ನಾಲ್ಕೂವರೆ ತನಕ ಮನೆ, ತೋಟ, ಊಟ, ನಿದ್ದೆ. ನಾಲ್ಕೂವರೆಗೆ ಮತ್ತೆ ತೀರ. ಡಿಸೆಂಬರ್‌ನಲ್ಲಿ ಆರೂಕಾಲರ ಒಳಗೆ ಸೂರ್ಯ ಮುಳುಗುತ್ತದೆ. ಮುಳುಗಿದ ಮೇಲೆ ಕಾಲು ಗಂಟೆ ಸುಮ್ನೆ ಕುಳಿತುಕೊಳ್ಳಿ, ಆದರೆ ನೀರಿನಿಂದ ಹೊರಗೆ.

ಇನ್ನು ಉಬ್ಬರ ಇಳಿತ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಪ್ರತಿದಿನ ಈ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಹತ್ತಿರ ಏರಿಳಿತ ಜಾಸ್ತಿ. ಮೊದಲ ದಿನ ಬೆಳಿಗ್ಗೆ ಮಕ್ಕಳ ಕೈಯಲ್ಲಿ ಒಂದು ಕೋಲು ಕೊಡಿ. ನೀರು ಬಂದು ಮುಟ್ಟಿದ ಕೊನೆಯ ಗುರುತಿನಲ್ಲಿ ನೆಡಲಿ. ಸಂಜೆ ಬಂದು ನೋಡಲಿ. ನನ್ನ ತಂಗಿಯ ಮಗಳು ನಾಲ್ಕು ದಿನ ಹೀಗೆ ನೋಡಿ ಪುಸ್ತಕದಲ್ಲಿ ಬರೆದುಕೊಂಡು, ಐದನೇ ದಿನ ನೀರು ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ತಾನೇ ಹೇಳಿದಳು. ಆ ಮುಖದ ಸಂತೋಷ ನನಗೆ ಇನ್ನೂ ನೆನಪಿದೆ.

6. ನೀರಿನ ಹತ್ತಿರ ಇರುವಾಗ

ನಮ್ಮ ಹೆಚ್ಚಿನ ಹಳ್ಳಿ ತೀರಗಳಲ್ಲಿ ಕಾವಲಿಗೆ ಜೀವರಕ್ಷಕರು ಇಲ್ಲ. ನೀವೇ ಕಾಯಬೇಕು. ಮಕ್ಕಳಿಗೆ ಮೊಣಕಾಲು ಮುಳುಗುವಷ್ಟು ನೀರು ಸಾಕು. ಒಬ್ಬ ದೊಡ್ಡವರು ಮಕ್ಕಳಿಗಿಂತ ಮುಂದೆ, ಕಡಲಿನ ಬದಿಯಲ್ಲಿ ನಿಲ್ಲಬೇಕು. ಅವರ ಕೈಯಲ್ಲಿ ಫೋನ್ ಇರಬಾರದು. ಹೊತ್ತು ಹಂಚಿಕೊಳ್ಳಿ, ಅರ್ಧ ಗಂಟೆ ಅಪ್ಪ, ಅರ್ಧ ಗಂಟೆ ಅಮ್ಮ. "ಎಲ್ಲರೂ ನೋಡ್ತಾ ಇದ್ದೇವೆ" ಅಂದರೆ ಯಾರೂ ನೋಡುತ್ತಿಲ್ಲ ಎಂದೇ ಆಗುತ್ತದೆ.

ಸೆಳೆತವನ್ನು ಗುರುತಿಸಲು ಕಲಿಯಿರಿ. ತೆರೆಗಳು ದಡಕ್ಕೆ ತಂದು ಒಟ್ಟುವ ನೀರು ಎಲ್ಲಾದರೂ ಒಂದು ಕಡೆಯಿಂದ ವಾಪಸ್ ಹೋಗಲೇಬೇಕಲ್ವಾ? ಅದು ಒಂದು ಸಪೂರ ದಾರಿ ಮಾಡಿಕೊಂಡು ಜೋರಾಗಿ ಹೊರಗೆ ಓಡುತ್ತದೆ. ಎರಡೂ ಬದಿಯಲ್ಲಿ ಬಿಳಿ ನೊರೆಯ ತೆರೆ ಒಡೆಯುತ್ತಿದ್ದು, ನಡುವೆ ಒಂದು ಕಡೆ ಮಾತ್ರ ತೆರೆಯಿಲ್ಲದೆ ನೀರು ಕಪ್ಪಗೆ, ಶಾಂತವಾಗಿ ಕಂಡರೆ ಅದೇ ಸೆಳೆತದ ಜಾಗ. ಗೊತ್ತಿಲ್ಲದವರು ಮಕ್ಕಳನ್ನು ಅಲ್ಲಿಗೇ ಕರೆದುಕೊಂಡು ಹೋಗುತ್ತಾರೆ, ತೆರೆ ಇಲ್ಲ ಅಂತ. ಯಾರಾದರೂ ಸಿಕ್ಕಿಕೊಂಡರೆ ದಡಕ್ಕೆ ನೇರ ಈಜಬಾರದು, ಸುಸ್ತಾಗಿ ಮುಳುಗುತ್ತಾರೆ. ತೇಲುತ್ತಾ ದಡಕ್ಕೆ ಸಮವಾಗಿ ಪಕ್ಕಕ್ಕೆ ಸರಿಯಬೇಕು. ದಡದಲ್ಲಿರುವವರು ಹಗ್ಗವೋ ಖಾಲಿ ಕ್ಯಾನೋ ಎಸೆಯಬೇಕು, ತಾವೇ ಹಾರಬಾರದು.

ಅಳಿವೆ ಬಾಗಿಲಿನಲ್ಲಿ, ಅಂದರೆ ಹೊಳೆ ಕಡಲಿಗೆ ಸೇರುವಲ್ಲಿ, ನೀರಿಗೆ ಇಳಿಯಲೇಬೇಡಿ. ಶಿರಿಯ, ಮೊಗ್ರಾಲ್, ಚಂದ್ರಗಿರಿ, ಎಲ್ಲ ಅಳಿವೆಗಳೂ ನೋಡಲು ಚಂದ. ಇಳಿತದ ಹೊತ್ತಿಗೆ ಹೊಳೆ ನೀರು ಎಲ್ಲವನ್ನೂ ಎಳೆದುಕೊಂಡು ಹೋಗುತ್ತದೆ.

ಗಾಳಿ ತುಂಬಿದ ಟ್ಯೂಬು, ಬಾತುಕೋಳಿ ಮನೆಯಲ್ಲೇ ಇರಲಿ. ಬೆಳಗಿನ ಗಾಳಿ ಕಡಲಿನ ಕಡೆಗೆ ಬೀಸುತ್ತದೆ ಅಂದೆನಲ್ಲ, ಅದು ಮಗುವಿನ ಸಮೇತ ಟ್ಯೂಬನ್ನು ಹೊರಗೆ ಒಯ್ಯಬಹುದು. ಬಕೆಟ್, ಚಿಪ್ಪು, ಹಳೆಯ ಸೌಟು ಸಾಕು. ಹೊಯಿಗೆಯಲ್ಲಿ ಏಡಿ ತೂತುಗಳಿವೆ, ದಡದ ಮೇಲೆ ನೇರಳೆ ಹೂವಿನ ಅಡುಂಬು ಬಳ್ಳಿ ಇದೆ. ಅದನ್ನು ಕೀಳಬಾರದು, ಹೊಯಿಗೆಯನ್ನು ಹಿಡಿದಿಡುವುದು ಅದೇ.

ಲೋಳೆ ಮೀನು (ಜೆಲ್ಲಿಫಿಶ್) ಮೈಗೆ ತಾಗಿ ಉರಿದರೆ ಕಡಲ ನೀರಿನಲ್ಲೇ ತೊಳೆಯಿರಿ. ಹೊಯಿಗೆ ಹಾಕಿ ಉಜ್ಜಬೇಡಿ. ಉಸಿರಾಟಕ್ಕೆ ಕಷ್ಟ, ಮುಖ ಬಾತುಕೊಳ್ಳುವುದು ಕಂಡರೆ ತಡ ಮಾಡದೆ ಆಸ್ಪತ್ರೆಗೆ. ತುರ್ತಿಗೆ 112, ಆಂಬುಲೆನ್ಸ್‌ಗೆ 108. ಮನೆಯವರ ಹತ್ತಿರ ಮೊದಲ ದಿನವೇ ಹತ್ತಿರದ ಆಸ್ಪತ್ರೆ, ರಾತ್ರಿ ಸಿಗುವ ಆಟೋ ಬಗ್ಗೆ ಕೇಳಿಟ್ಟುಕೊಳ್ಳಿ.

7. ತೀರ ಯಾರದ್ದು ಅನ್ನುವುದನ್ನು ಮಕ್ಕಳಿಗೆ ಹೇಳಿ

ಇದು ಮೀನುಗಾರರ ಅಂಗಳ. ಒಣಗಲು ಹಾಕಿದ ಬಲೆಯನ್ನು ತುಳಿಯಬಾರದು, ದೋಣಿಯೊಳಗೆ ಕೇಳದೆ ಹತ್ತಬಾರದು. ದಡದಿಂದ ಬಲೆ ಎಳೆಯುವಾಗ ಕೇಳಿ ನೋಡಿ, "ಬನ್ನಿ, ಹಗ್ಗ ಹಿಡೀರಿ" ಅಂತ ಮಕ್ಕಳನ್ನು ಸೇರಿಸಿಕೊಳ್ಳುವವರು ಇದ್ದಾರೆ. ನಮ್ಮ ಮಕ್ಕಳಿಗೆ ಆ ಅರ್ಧ ಗಂಟೆಯ ಮುಂದೆ ಯಾವ ಪಾರ್ಕೂ ಇಲ್ಲ. ಫೋಟೋ ತೆಗೆಯುವ ಮೊದಲು ಕೇಳಿ. ಹಳ್ಳಿ ತೀರದಲ್ಲಿ ಮಕ್ಕಳಿಗೂ ದೊಡ್ಡವರಿಗೂ ತುಂಬುತೋಳಿನ ಹತ್ತಿ ಅಂಗಿ, ಚಡ್ಡಿ ಸಾಕು. ಬಿಸಿಲಿಗೂ ಅದೇ ಒಳ್ಳೆಯದು.

ನೀಲೇಶ್ವರದ ತೈಕ್ಕಡಪ್ಪುರದಲ್ಲಿ ಊರವರೇ ಕಡಲಾಮೆ ಮೊಟ್ಟೆಗಳನ್ನು ಕಾದು ಮರಿಗಳನ್ನು ಕಡಲಿಗೆ ಬಿಡುತ್ತಾರೆ. ಮರಿ ಹೊರಬರಲು 45ರಿಂದ 60 ದಿನ ಬೇಕು. ನೀವು ಹೋದ ದಿನವೇ ಸಿಗಬೇಕೆಂದಿಲ್ಲ. ಸಿಕ್ಕಿದರೆ ದೂರ ನಿಂತು ನೋಡಿ, ಟಾರ್ಚ್ ಹಾಕಬೇಡಿ. ಮರಿಗಳು ಬೆಳಕಿನ ಕಡೆಗೆ ದಾರಿ ತಪ್ಪುತ್ತವೆ.

8. ಊಟ

ಇಲ್ಲಿ ಅಡುಗೆ ತೆಂಗಿನೆಣ್ಣೆಯಲ್ಲಿ, ಅನ್ನ ಕುಚ್ಚಲಕ್ಕಿಯದ್ದು. ಮೊದಲ ದಿನ ಮಕ್ಕಳು ಮುಖ ತಿರುಗಿಸಬಹುದು. ಬೆಳ್ತಿಗೆ (ಬಿಳಿ ಅಕ್ಕಿಯ) ಅನ್ನ ಮಾಡಿಕೊಡಿ ಅಂತ ಮನೆಯವರಿಗೆ ಹೇಳಿಡಿ. ನೀರುದೋಸೆ, ಹಲಸಿನ ಎಲೆಯ ಕೊಟ್ಟೆ ಕಡುಬು, ಪುಟ್ಟು, ಬೇಯಿಸಿದ ನೇಂದ್ರ ಬಾಳೆಹಣ್ಣು, ಇವು ಹೆಚ್ಚಿನ ಮಕ್ಕಳಿಗೆ ಹಿಡಿಸುತ್ತವೆ. ಹೊಟ್ಟೆ ಕೆಟ್ಟರೆ ಕುಚ್ಚಲಕ್ಕಿ ಗಂಜಿಗೆ ಸಮನಾದ್ದಿಲ್ಲ. ಮೀನು ತಿನ್ನುವ ಮನೆಯವರು ಮಕ್ಕಳಿಗೆ ಅಂಜಲ್ ಅಥವಾ ಕಾಣೆ ಕೊಡಿ, ಮುಳ್ಳು ಬಿಡಿಸುವುದು ಸುಲಭ. ಬೂತಾಯಿ ರುಚಿ, ಆದರೆ ಸಣ್ಣ ಮುಳ್ಳು. ಮಸಾಲೆ ಕಡಿಮೆ ಹಾಕಿ ಅಂತ ಹೇಳಲು ಸಂಕೋಚ ಬೇಡ.

ಕೆಲವು ಹೋಟೆಲುಗಳಲ್ಲಿ ಕುಡಿಯಲು ತಿಳಿಗುಲಾಬಿ ಬಣ್ಣದ ಬಿಸಿನೀರು ಕೊಡುತ್ತಾರೆ. ಹೆದರಬೇಡಿ, ಪದಿಮುಗಂ ಎಂಬ ಮರದ ಚಕ್ಕೆ ಹಾಕಿ ಕುದಿಸಿದ್ದು. ಮಧ್ಯಾಹ್ನಕ್ಕೊಂದು ಬೊಂಡ (ಎಳನೀರು) ಕುಡಿಸಿ.

9. ದಿನಕ್ಕೆ ಒಂದೇ ತಿರುಗಾಟ

ಕುಂಬಳೆಯಲ್ಲಿದ್ದರೆ ಅನಂತಪುರ ಹತ್ತಿರ. ಕೆರೆಯ ನಡುವೆ ದೇವಸ್ಥಾನ. ಇಲ್ಲಿದ್ದ ಬಬಿಯ ಎಂಬ ಮೊಸಳೆ 2022ರ ಅಕ್ಟೋಬರ್ 9ರಂದು ತೀರಿಕೊಂಡಿತು. ಊರಿಗೆ ಊರೇ ಬಂದು ಕೊನೆಯ ದರ್ಶನ ಮಾಡಿತು. ಮರುವರ್ಷ ಕೆರೆಯಲ್ಲಿ ಇನ್ನೊಂದು ಮೊಸಳೆ ಕಂಡಿತು. ಈ ಕಥೆಯನ್ನು ದಾರಿಯಲ್ಲೇ ಹೇಳಿ, ಮಕ್ಕಳು ಕೆರೆಯನ್ನು ಕಣ್ಣು ಮಿಟುಕಿಸದೆ ನೋಡುತ್ತಾರೆ. ಕೈ ಬಿಡಬೇಡಿ.

ಮಧೂರಿನ ಗಣಪತಿ ದೇವಸ್ಥಾನ ಇನ್ನೊಂದು ದಿನಕ್ಕೆ. ಅಲ್ಲಿನ ಪ್ರಸಾದ, ಅಪ್ಪ ಎಂಬ ಸಿಹಿ ತಿಂಡಿ, ಮಕ್ಕಳಿಗೆ ಇಷ್ಟ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ ಗಿಳಿವಿಂಡು ಇದೆ. ಶಾಲೆಯ ಪುಸ್ತಕದಲ್ಲಿ ಓದಿದ ಕವಿ ಇದೇ ಅಂಗಳದಲ್ಲಿ ಓಡಾಡಿದ್ದು ಎಂದು ತೋರಿಸಬಹುದು.

ಬೇಕಲ ಕೋಟೆಗೆ ಮೂರೂವರೆಯ ಮೇಲೆ ಹೋಗಿ. ನಲ್ವತ್ತು ಎಕರೆ, ನೆರಳು ಕಡಿಮೆ. 1650ರ ಸುಮಾರಿಗೆ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು, ಮುರಕಲ್ಲಿನದ್ದು. ಹತ್ತಿರದ ಕಾಞಂಗಾಡಿನ ಹಳೆಯ ಹೆಸರು ಹೊಸದುರ್ಗ. ಹೊಸ ಕೋಟೆ, ಅಷ್ಟೇ. ನಮ್ಮ ಭಾಷೆ ಇಲ್ಲಿನ ಊರ ಹೆಸರಲ್ಲೇ ಉಳಿದಿದೆ ಎಂದು ನಾನು ಮಕ್ಕಳಿಗೆ ಹೇಳುತ್ತೇನೆ. 1956ರ ನವೆಂಬರ್ 1ರ ತನಕ ಇದೆಲ್ಲ ದಕ್ಷಿಣ ಕನ್ನಡ ಜಿಲ್ಲೆಯೇ ಆಗಿತ್ತು. ಕೋಟೆ ಗೋಡೆಯ ಮೇಲೆ ಹಲವು ಕಡೆ ಕಂಬಿ ಇಲ್ಲ. ಓಡಲು ಬಿಡಬೇಡಿ.

ಕುಂಬಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ನವೆಂಬರ್‌ನಿಂದ ಮೇ ತನಕ ಸುತ್ತಮುತ್ತ ಎಲ್ಲಾದರೂ ಯಕ್ಷಗಾನ ಇರುತ್ತದೆ. ಮೊದಲ ಎರಡು ಗಂಟೆ ನೋಡಿ ಎದ್ದು ಬನ್ನಿ, ವೇಷ ಹಾಕಿಕೊಳ್ಳುವ ಬಣ್ಣದ ಮನೆ ನೋಡಲು ಬಿಟ್ಟರೆ ಅದನ್ನು ತಪ್ಪಿಸಬೇಡಿ. ತೆಂಕು ಕಡೆ ಇದ್ದರೆ ತೆಯ್ಯಂ, ನಮ್ಮ ಭೂತ ಕೋಲದ ಹಾಗಿನ ದೈವಾರಾಧನೆಯ ಕುಣಿತ. ಬೆಂಕಿ, ಚೆಂಡೆಯ ಸದ್ದಿಗೆ ಐದು ವರ್ಷದೊಳಗಿನವರು ಹೆದರುತ್ತಾರೆ. ಹಗಲಿನದ್ದಕ್ಕೆ ಹೋಗಿ, ಹಿಂದೆ ನಿಲ್ಲಿ.

ಚಂದ್ರಗಿರಿ ಹೊಳೆ ದಾಟಿದ ಮೇಲೆ ಮಲಯಾಳ ಜಾಸ್ತಿ. ಮಕ್ಕಳಿಗೆ ನಾಲ್ಕು ಮಾತು ಕಲಿಸಿ. ವೆಳ್ಳಂ ಅಂದರೆ ನೀರು, ಮದಿ ಅಂದರೆ ಸಾಕು, ಚೇಚಿ ಅಂದರೆ ಅಕ್ಕ, ಚೇಟ್ಟನ್ ಅಂದರೆ ಅಣ್ಣ. ಒಂದು ಮಾತು ಆಡಿದರೂ ಅಂಗಡಿಯವರು ಅಕ್ಕರೆಯಿಂದ ಮಾತಾಡಿಸುತ್ತಾರೆ.

10. ಚೀಲದಲ್ಲಿ ಏನು

ಓಆರ್‌ಎಸ್, ಮಕ್ಕಳ ವೈದ್ಯರು ಬರೆದುಕೊಟ್ಟ ಜ್ವರದ ಮದ್ದು, ವಾಂತಿಯ ಮದ್ದು. ಸೊಳ್ಳೆಗೆ ಹಚ್ಚುವುದು. ಟೋಪಿ. ಬೇಗ ಒಣಗುವ ಬಟ್ಟೆ ಮೂರು ಜೊತೆ. ಹಳೆಯ ಸೀರೆ ಒಂದು, ಗಾಳಿಮರಗಳ ನಡುವೆ ಕಟ್ಟಿದರೆ ನೆರಳು, ಹಾಸಿದರೆ ಚಾಪೆ. ಟಾರ್ಚ್. ಕಸ ವಾಪಸ್ ತರಲು ಒಂದು ಚೀಲ. ಆಟಿಕೆ ಬೇಡ.

ಹೊರಡುವ ದಿನ ಬೆಳಿಗ್ಗೆಯೂ ಕಡಲಿಗೆ ಹೋಗಿ, ಆದರೆ ಒಣ ಹೊಯಿಗೆಯಲ್ಲೇ ಇರಿ. ಒದ್ದೆ ಬಟ್ಟೆ ಚೀಲಕ್ಕೆ ತುಂಬಿದರೆ ಮನೆ ಮುಟ್ಟುವಾಗ ನಾರುತ್ತದೆ. ಮಕ್ಕಳು ಹೆಕ್ಕಿದ ಶಂಖಗಳನ್ನು ಒಂದೊಂದಾಗಿ ಹೊಯಿಗೆಯ ಮೇಲೆ ಇಟ್ಟು ಐದು ನಿಮಿಷ ಕಾಯಿರಿ. ಒಳಗೆ ಏಡಿ ಇದ್ದರೆ ಶಂಖ ತಾನೇ ನಡೆಯಲು ಶುರು ಮಾಡುತ್ತದೆ. ಅದನ್ನು ಅಲ್ಲೇ ಬಿಟ್ಟು, ನಡೆಯದೆ ಉಳಿದವುಗಳನ್ನು ಚೀಲಕ್ಕೆ ಹಾಕಿಕೊಳ್ಳಿ.